ಎಕ್ಕದ ಗೂಟ

ನಮ್ಮೂರಿನಲ್ಲಿ ಗಂಡಿನ ಮನೆ ನೋಡಲು ಬಂದವರು ಮೊದಲು ನೋಡುವುದು ಗಂಡನ್ನಲ್ಲ, ಮನೆಯ ಮೂಲೆಗಿರುವ ಗೂಟದ ಗಿಡವನ್ನು. ಅದರ ಬುಡವನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ, ಒಂದು ಕೊಂಬೆ ಹಿಡಿದು ಅಲ್ಲಾಡಿಸುತ್ತಾರೆ, ಆಮೇಲೆ ಒಳಗೆ ಬಂದು ಮಂಡಕ್ಕಿ ತಿನ್ನುತ್ತಾರೆ. ಗಿಡ ಸೊರಗಿದ ಮನೆಗೆ ಮಗಳನ್ನು ಕೊಟ್ಟರೆ, ಮೊದಲ ಹಬ್ಬಕ್ಕೆ ಕರೆಯಲು ಬರುವ ಹೊತ್ತಿಗೆ ಆ ಮನೆ ಯಾವ ಬೀದಿಯಲ್ಲಿರುತ್ತದೋ ಹೇಳಲಾಗುವುದಿಲ್ಲ. ನಮ್ಮ ಮಾವನವರು ಬಂದಾಗ ನಮ್ಮ ದಾಸವಾಳ ಮೈತುಂಬ ಕೆಂಪಗೆ ಅರಳಿ ನಿಂತಿತ್ತು. ಅವರು ಅದನ್ನೇ ನೋಡುತ್ತಾ ರುದ್ರಿಯನ್ನು ನನಗೆ ಕೊಟ್ಟರು. ನನ್ನ ಮುಖವನ್ನು ಅವರು ಸರಿಯಾಗಿ ಕಂಡದ್ದು ಧಾರೆಯ ದಿನವೇ ಇರಬೇಕು, ಏಕೆಂದರೆ ಆಗ ಸ್ವಲ್ಪ ಬೆಚ್ಚಿದಂತೆ ಕಂಡರು.

ಗೂಟಕ್ಕೆ ಕಟ್ಟದ ದನ ಮೇಯುತ್ತಾ ಮೇಯುತ್ತಾ ದೂರ ಹೋಗುವ ಹಾಗೆ ನಮ್ಮೂರಿನ ಮನೆಗಳು ಹೋಗುತ್ತವೆ. ಸದ್ದಿಲ್ಲ, ಗೋಡೆ ಬಿರಿಯುವುದಿಲ್ಲ, ಒಲೆಯ ಮೇಲಿನ ಹಾಲು ತುಳುಕುವುದಿಲ್ಲ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೆಟ್ಟಿಲಿನ ಕಲ್ಲು ಒಂದು ಪಕ್ಕಕ್ಕೆ ಉಳಿದುಬಿಟ್ಟಿರುತ್ತದೆ, ಅಷ್ಟೇ. ಅದಕ್ಕೇ ನಮ್ಮಲ್ಲಿ ಯಾರೂ ಮೆಟ್ಟಿಲಿಗೆ ಗಾರೆ ಹಾಕುವುದಿಲ್ಲ. ನೀರಿಗೆ ರಬ್ಬರ್ ಪೈಪು. ಅಂಚೆಯವನು ಕಾಗದ ಕೊಡುವಾಗ ‘ಈಗ ಎಲ್ಲಿಗೆ ಬಂದಿದೀರಿ?’ ಎಂದು ಕುಶಲ ವಿಚಾರಿಸುವ ಹಾಗೆ ಕೇಳುತ್ತಾನೆ. ನಾನು ಲೈನ್‌ಮನ್. ಕಂಬದಿಂದ ಮನೆಗೆ ಕರೆಂಟಿನ ತಂತಿ ಎಳೆಯುವಾಗ ಜೋಕಾಲಿಯ ಹಾಗೆ ಸಡಿಲ ಬಿಡುತ್ತೇನೆ. ಬೇರೆ ಊರಿನಿಂದ ಬರುವ ಸಾಹೇಬರು ಅದನ್ನು ನೋಡಿ ನನ್ನನ್ನು ಸೋಮಾರಿ ಎಂದುಕೊಳ್ಳುತ್ತಾರೆ. ಸೋಮಾರಿ ಹೌದು, ಆದರೆ ತಂತಿಗೂ ಅದಕ್ಕೂ ಸಂಬಂಧವಿಲ್ಲ.

ಮನೆ ನಿಲ್ಲುವುದು ಗಿಡದ ಬೇರಿನಿಂದ. ಹಾಗಾಗಿ ಬೆಳಿಗ್ಗೆಯ ಮೊದಲ ಚೊಂಬು ನೀರು ಗೂಟದ ಗಿಡಕ್ಕೆ. ಅದಕ್ಕೆ ಎರೆಯದೆ ಯಾರೂ ಬಾಯಿಗೆ ಹನಿ ನೀರು ಹಾಕುವುದಿಲ್ಲ. ಗಿಡಕ್ಕಿಂತ ಮುಂಚೆ ಕುಡಿದ ಮನುಷ್ಯ ಎಂದರೆ, ಹೆತ್ತವಳನ್ನು ಉಪವಾಸ ಕೆಡವಿ ಉಂಡವನು ಎಂದಷ್ಟೇ ಲೆಕ್ಕ. ಮಾತು ಬಾರದ ಮಕ್ಕಳಿಗೂ ಇದು ಗೊತ್ತಿರುತ್ತದೆ. ಬಾಯಾರಿ ಅಳುವ ಮಗು ಮೊದಲು ಅಂಗಳದ ಕಡೆ ಕೈ ತೋರಿಸುತ್ತದೆ.

ನಮ್ಮ ಪಕ್ಕದ ಮನೆ ತಿಪ್ಪಕ್ಕನದು. ಗಂಡ ತೀರಿಹೋದ ಮೇಲೆ ಊದಿನಕಡ್ಡಿ ಹೊಸೆದು ಜೀವನ ಮಾಡುವ ಹೆಂಗಸು. ಅವಳ ಸೆರಗು, ಅವಳ ಬೆಕ್ಕು, ಅವಳು ಮಾಡಿದ ಮುದ್ದೆ, ಎಲ್ಲಕ್ಕೂ ಸಾಂಬ್ರಾಣಿಯ ವಾಸನೆ. ಅವಳ ಅಡಿಗೆಮನೆಯ ಕಿಟಕಿಯೂ ನಮ್ಮ ಅಡಿಗೆಮನೆಯ ಕಿಟಕಿಯೂ ಎದುರುಬದುರು, ನಡುವೆ ಒಂದು ಸಣ್ಣ ಸಂದಿ. ರುದ್ರಿ ಮದುವೆಯಾಗಿ ಬಂದ ಹೊಸದರಲ್ಲಿ ಒಲೆಯ ಮುಂದೆ ಕೂತು ತವರು ನೆನೆದು ಅಳುತ್ತಿದ್ದಾಗ ಆ ಕಿಟಕಿಯಿಂದ ಒಂದು ಕೈ ಈಚೆ ಬಂದಿತಂತೆ. ಕೈಯಲ್ಲಿ ಕಂಚಿನ ಬಟ್ಟಲು, ಬಟ್ಟಲಲ್ಲಿ ಹುರುಳಿ ಸಾರು. ‘ಅಳೋದಾದ್ರೆ ಉಂಡ್ಕಂಡ್ ಅಳು, ಶಕ್ತಿ ಬೇಕಲ್ಲ’ ಎಂದಿತಂತೆ ಕೈ. ಆವತ್ತಿನಿಂದ ಆ ಬಟ್ಟಲು ಈ ಕಿಟಕಿಯಿಂದ ಆ ಕಿಟಕಿಗೆ ಓಡಾಡುತ್ತಲೇ ಇತ್ತು. ಬರಿದಾಗಿ ಹಿಂದಿರುಗಿಸುವಂತಿಲ್ಲ. ನಾನು ಉಣ್ಣುತ್ತಿರುವುದು ಯಾರ ಕೈಯ ಸಾರು ಎಂದು ನನಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಚೆನ್ನಾಗಿದೆ ಎಂದು ಹೊಗಳಿ, ಅದು ತಿಪ್ಪಕ್ಕನದೆಂದು ತಿಳಿದು ಪೇಚಿಗೆ ಸಿಕ್ಕಿದ ಮೇಲೆ ಬಾಯಿಗೆ ಬೀಗ ಹಾಕಿಕೊಂಡೇ ಉಣ್ಣುವುದನ್ನು ಕಲಿತೆ.

ಆಮೇಲೆ ಮಳೆ ಕೈಕೊಟ್ಟಿತು. ಒಂದು ಸಲವಲ್ಲ, ಮೇಲಿಂದ ಮೇಲೆ. ಬಾವಿ ತಳ ಕಂಡಿತು, ಬೀದಿ ನಲ್ಲಿಯಲ್ಲಿ ಗಾಳಿ ಬಂತು, ಟ್ಯಾಂಕರಿನವನು ಮನೆಗಿಷ್ಟು ಎಂದು ಬಿಂದಿಗೆ ತುಂಬಿಸಿ ಹೋಗತೊಡಗಿದ. ಜನ ತಾವು ಕುಡಿಯುವುದನ್ನು ಕಡಿಮೆ ಮಾಡಿ ಗಿಡಕ್ಕೆ ಎರೆದರು. ಆದರೂ ಗುಲಾಬಿ ಒಣಗಿತು, ಮಲ್ಲಿಗೆ ಕಡ್ಡಿಯಾಯಿತು. ನಮ್ಮ ದಾಸವಾಳ ಎಲೆಯೆಲ್ಲ ಉದುರಿಸಿ ಒಂದು ದಿನ ರುದ್ರಿಯ ಕೈಯಲ್ಲಿ ಲಟಕ್ಕನೆ ಮುರಿಯಿತು. ಅವಳು ಆ ಕಡ್ಡಿಯನ್ನು ಒಲೆಗೆ ಹಾಕಲಾರದೆ ದೇವರ ಗೂಡಿನಲ್ಲಿಟ್ಟಳು. ಮಾರನೆಯ ಬೆಳಿಗ್ಗೆ ನಾನು ಮೆಟ್ಟಿಲೆಂದುಕೊಂಡು ಬರಿ ನೆಲಕ್ಕೆ ಕಾಲಿಟ್ಟು ಮುಗ್ಗರಿಸಿದೆ.

ನಮ್ಮ ಮನೆ ತಿಪ್ಪಕ್ಕನ ಮನೆಯಿಂದ ದೂರ ಸರಿಯುತ್ತಿತ್ತು. ಅವಳ ನಂದಿಬಟ್ಟಲು ಗಿಡ ಪಾತ್ರೆ ತೊಳೆದ ನೀರಿನಲ್ಲಿ ಹೇಗೋ ಉಸಿರು ಹಿಡಿದಿತ್ತು, ಅವಳ ಮನೆ ನಿಂತಲ್ಲೇ ಇತ್ತು. ಹೊರಟಿದ್ದವರು ನಾವು. ಮೊದಮೊದಲು ರುದ್ರಿ ಕಿಟಕಿಯಲ್ಲಿ ಸ್ವಲ್ಪ ಬಾಗಿ ಬಟ್ಟಲು ಕೊಟ್ಟಳು. ಆಮೇಲೆ ತುದಿಗಾಲಲ್ಲಿ ನಿಂತು, ಹೊಟ್ಟೆಯನ್ನು ಕಿಟಕಿಯ ಕಟ್ಟೆಗೆ ಒತ್ತಿ, ಭುಜ ನೋಯುವಷ್ಟು ಚಾಚಿ ಕೊಟ್ಟಳು. ಆ ಕಡೆಯಿಂದ ತಿಪ್ಪಕ್ಕ ಚಾಚಿದಳು. ಒಂದು ಸಲ ಬಟ್ಟಲು ಜಾರಿ ಸಂದಿಯಲ್ಲಿ ಬಿದ್ದು, ಬೇಳೆ ಸಾರೆಲ್ಲ ಮಣ್ಣು ಪಾಲಾಯಿತು. ಇಬ್ಬರೂ ನಕ್ಕರು. ನಕ್ಕು ಮುಗಿದ ಮೇಲೆ ಇಬ್ಬರೂ ಆ ಸಂದಿಯನ್ನೇ ನೋಡುತ್ತಾ ನಿಂತರು.

‘ಬಾಗಿಲಿಂದ ಹೋಗಿ ಕೊಟ್ಟು ಬಂದರಾಯ್ತಪ್ಪ’ ಎಂದೆ ನಾನು.

‘ಇವತ್ತು ಬಾಗ್ಲಿಂದ ಹೋಗ್ಬೋದು. ಮುಂದಿನ್ ವರ್ಷ ಬಸ್ಸಲ್ಲಿ ಹೋಗ್ಲಾ?’ ಎಂದು ರುದ್ರಿ ನನ್ನ ಮೇಲೆ ಹರಿಹಾಯ್ದಳು. ಕಣ್ಣಲ್ಲಿ ನೀರಿತ್ತು. ಅವಳಿಗೆ ಈ ಊರಿನಲ್ಲಿ ತಾಯಿ ಎಂದರೂ ಅಕ್ಕ ಎಂದರೂ ಆ ಕಿಟಕಿಯೇ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಅಂದಿದ್ದೆ.

ಊರಾಚೆ ಒಂದು ಬಯಲಿದೆ. ಹಿಂದೆ ಅಲ್ಲಿ ಒಂದು ಕೇರಿಯೇ ಇತ್ತಂತೆ. ಮನೆಗಳೆಲ್ಲ ಹೊರಟುಹೋಗಿ ನೆಲಕ್ಕೆ ಹೂತಿದ್ದ ಒರಳುಕಲ್ಲುಗಳು ಮಾತ್ರ ಉಳಿದಿವೆ. ಅವುಗಳ ಸುತ್ತ ಬೆಳೆದಿರುವುದು ಬರೀ ಎಕ್ಕ. ಜಗಳವಾದಾಗ ಹೆಂಗಸರು ‘ನಿನ್ ಮನೆ ಎಕ್ಕುಟ್ಟೋಗ’ ಎಂದು, ಅಂದರೆ ಮನೆಯಿದ್ದಲ್ಲಿ ಎಕ್ಕ ಹುಟ್ಟಲಿ ಎಂದು, ಬಯ್ಯುವುದು ಎಲ್ಲ ಊರುಗಳಲ್ಲೂ ಇದೆ. ಬೇರೆ ಕಡೆ ಅದು ಬಾಯಿಮಾತು. ನಮ್ಮಲ್ಲಿ ಆ ಬಯಲನ್ನು ನೋಡಿದವರು ಅದನ್ನು ಸುಲಭಕ್ಕೆ ಅನ್ನುವುದಿಲ್ಲ, ಅನ್ನಿಸಿಕೊಂಡವರು ಸುಲಭಕ್ಕೆ ಮರೆಯುವುದಿಲ್ಲ. ಅಂಥ ಬಯಲಿಗೆ ರುದ್ರಿ ಒಂದು ದಿನ ಹಾರೆ ಹಿಡಿದು ಹೋದಳು. ಮಧ್ಯಾಹ್ನವಾದರೂ ಬಾರದ್ದನ್ನು ನೋಡಿ ನಾನು ಹುಡುಕಿಕೊಂಡು ಹೋದರೆ, ನೆತ್ತಿ ಸುಡುವ ಬಿಸಿಲಲ್ಲಿ ಒಂದು ಎಕ್ಕದ ಬುಡ ಅಗೆಯುತ್ತಾ ಸೊಂಟದ ತನಕ ಗುಂಡಿಯಲ್ಲಿದ್ದಾಳೆ. ಸುತ್ತ ಹುಲ್ಲೂ ಇಲ್ಲ, ಆ ಗಿಡ ಮಾತ್ರ ದಪ್ಪ ದಪ್ಪ ಎಲೆ ಬಿಟ್ಟುಕೊಂಡು, ಬೂದಿ ಬಳಿದ ಹಾಗೆ ಮೈ ಮಾಡಿಕೊಂಡು, ನೇರಳೆ ಹೂ ತೊಟ್ಟು ನಿಂತಿದೆ.

‘ಏನಾತೇ? ಬೇರು ಸಿಕ್ತಾ?’ ಎಂದೆ.

‘ಇಲ್ಲ’ ಎಂದಳು ರುದ್ರಿ. ಮುಖ ಮಣ್ಣಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ‘ಮುಗೀಲೇ ಇಲ್ಲ ಅದು! ಕೆಳಗೆ ಹೋಗ್ತಾನೇ ಐತೆ!’

ಅವಳ ತಲೆಯಲ್ಲಿ ಏನಿದೆ ಎಂದು ನನಗೆ ಆಗ ತಿಳಿಯಿತು. ಅಂಗಳಕ್ಕೆ ಎಕ್ಕ ತರುವುದೇ? ಊರು ಏನೆಂದೀತು? ದಾರಿಯುದ್ದಕ್ಕೂ ಬೇಡ ಎಂದು ಹೇಳಿದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ‘ಆಂಜನೇಯನ ಕೊರಳಿಗೆ ಎಕ್ಕದ ಹಾರ ಹಾಕಿ ಅಡ್ಡ ಬೀಳ್ತೀರಲ್ಲ, ಅಂಗಳಕ್ಕೆ ಯಾಕ್ ಬ್ಯಾಡ?’ ಎಂದಳು.

‘ಅವನಿಗೆ ಮನೆ ಎಲ್ಲಿದ್ರೇನು, ಹಾರ್ಕೊಂಡ್ ಹೋಗ್ತಾನೆ. ನಾನು ನಡ್ಕೊಂಡ್ ಬರ್ಬೇಕಲ್ಲೇ’ ಎಂದೆ. ಅವಳು ನಗಲಿಲ್ಲ.

ಬೆಳೆದ ಗಿಡ ಕಿತ್ತು ನೆಟ್ಟರೆ ಬಾರದು ಎಂದು ಅವಳಿಗೆ ಅರ್ಥವಾಗಿತ್ತು, ಬೇರು ಅರ್ಧಕ್ಕೇ ತುಂಡಾಗುತ್ತದೆ. ಹಾಗಾಗಿ ಒಣಗಿದ ಒಂದು ಕಾಯಿ ತಂದಳು. ಬಿಡಿಸಿದರೆ ರೇಷ್ಮೆಯಂಥ ಅರಳೆ, ಒಂದೊಂದು ಎಳೆಗೂ ಒಂದೊಂದು ಬೀಜ. ಅಡಿಗೆಮನೆಯಲ್ಲೆಲ್ಲ ಹಾರಾಡಿ ನನ್ನ ಮೀಸೆಯಲ್ಲೂ ಕೂತವು. ಕಿಟಕಿಯ ಕೆಳಗಿನ ಮೂಲೆಯಲ್ಲಿ ನೆಲ ಕೆದಕಿ, ಗೊಬ್ಬರ ಹಾಕದೆ ಮರಳು ಬೆರೆಸಿ, ಬೀಜ ಹಾಕಿ, ಮೊಳಕೆ ಬರುವ ತನಕ ಕೈಯದ್ದಿ ಚಿಮುಕಿಸಿದಳು. ಎರಡೆಲೆ ಮೂಡಿದ್ದೇ ನೀರು ನಿಲ್ಲಿಸಿಬಿಟ್ಟಳು. ಹಸುಗೂಸಿನಂಥ ಗಿಡ, ಊರೆಲ್ಲ ಗಿಡಕ್ಕೆ ಎರೆಯುವ ಹೊತ್ತಿನಲ್ಲಿ ಇವಳು ಅದರ ಮುಂದೆ ಬರಿಗೈಲಿ ನಿಲ್ಲುತ್ತಿದ್ದಳು.

‘ಒಂದು ಗುಟುಕಾದ್ರೂ ಕೊಡೇ’ ಎಂದೆ.

‘ಕೊಟ್ರೆ ಮೇಲ್ಮೇಲೇ ಕೂತ್ಕಂತದೆ. ಕೊಡ್ದೆ ಇದ್ರೆ ಹುಡುಕ್ಕಂಡು ಕೆಳಗಿಳೀತದೆ. ಕುಂತಲ್ಲೇ ಊಟ ಸಿಕ್ಕಿದ್ರೆ ಯಾರು ತಾನೆ ಏಳ್ತಾರೆ?’ ಎಂದು ರುದ್ರಿ ನನ್ನ ಕಡೆ ಒಂದು ನೋಟ ಬೀರಿದಳು. ನಾನು ಎದ್ದು ನನ್ನ ತಟ್ಟೆ ತೊಳೆದಿಟ್ಟೆ.

ಗಿಡ ಮೊಣಕಾಲೆತ್ತರ ಬಂದಾಗ ತಿಪ್ಪಕ್ಕ ಅದು ಏನೆಂದು ಗುರುತು ಹಿಡಿದಳು. ಕಿಟಕಿಯಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಅವಳು ಕೂಗಾಡಿದ್ದರೆ ಚೆನ್ನಾಗಿತ್ತು.

‘ನನ್ ಕಿಟ್ಕಿ ಕೆಳಗೇ ಎಕ್ಕ ಹಾಕಿದ್ಯೇನೆ ರುದ್ರಿ?’ ಎಂದಳು. ‘ಬಾಯಲ್ಲಿ ಅಂದಿದ್ರೂ ತಡ್ಕಂತಿದ್ದೆ.’

‘ಅಯ್ಯೋ, ಅಕ್ಕಾ, ನಾನು ಹಾಕಿದ್ದು ನನ್ ಮನೆ ನಿಲ್ಲಲಿ ಅಂತ. ನಿನ್ ಮನೆಗಲ್ಲ ಕಣಕ್ಕಾ!’

‘ನಿನ್ ಮನೆ ನನ್ ಮನೆ ಅಂತ ಯಾವಾಗ್ಲಿಂದ ಬ್ಯಾರೆ ಆತು?’ ಎಂದು ತಿಪ್ಪಕ್ಕ ಕಿಟಕಿ ಹಾಕಿಕೊಂಡಳು.

ಬಾಗಿಲಿಗೂ ಹೋದಳು ರುದ್ರಿ. ಚಿಲಕ ತೆಗೆಯಲಿಲ್ಲ. ನಾನು ಹೋದೆ. ‘ಸಣ್ಣೀರ, ನಿನ್ ಮ್ಯಾಲೆ ಸಿಟ್ಟಿಲ್ಲಪ್ಪ, ಮನೆಗ್ ಹೋಗು’ ಎಂದು ಒಳಗಿನಿಂದಲೇ ಮಾತು ಬಂತು. ಬಟ್ಟಲು ನಮ್ಮ ಕಡೆ ಉಳಿದುಬಿಟ್ಟಿತ್ತು. ರುದ್ರಿ ದಿನಾ ಅದಕ್ಕೆ ಏನಾದರೂ ತುಂಬಿ ಕಿಟಕಿಯ ಕಟ್ಟೆಯ ಮೇಲಿಡುವಳು. ಎದುರಿನ ಕಿಟಕಿ ತೆರೆಯುತ್ತಿರಲಿಲ್ಲ. ಸಂಜೆ ಆ ತಣ್ಣಗಾದ ಸಾರನ್ನು ನಾನು ಕುಡಿಯುವೆನು. ಅದು ರುದ್ರಿಯ ಕೈಯದೇ ಎಂದು ಈಗ ಸ್ಪಷ್ಟವಾಗಿ ಗೊತ್ತಿರುತ್ತಿತ್ತು, ಆದರೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಬೀದಿಯವರು ಮೂಗು ಮುರಿದರು. ಯಾರೋ ನಮ್ಮ ಬಾಗಿಲ ಮುಂದೆ ಹಾದುಹೋಗುವಾಗ ಉಗುಳಿ ಹೋದರು. ಎಕ್ಕ ಮಾತ್ರ ಯಾರ ಹಂಗೂ ಇಲ್ಲದೆ ಏರಿತು. ಒಂದು ವಾರ ಪಟ್ಟೆ ಪಟ್ಟೆ ಹುಳುಗಳು ಬಂದು ಎಲೆಯನ್ನೆಲ್ಲ ನುಣ್ಣಗೆ ತಿಂದು ಹಾಕಿದಾಗ ಎಲ್ಲರಿಗೂ ಖುಷಿಯೋ ಖುಷಿ. ರುದ್ರಿ ಒಂದು ಹುಳುವನ್ನೂ ಕೀಳಲಿಲ್ಲ. ‘ತಿನ್ಲಿ ಬಿಡಿ, ಬೇರು ತಿನ್ನಲ್ಲ’ ಎಂದಳು. ಹಾಗೇ ಆಯಿತು. ಮತ್ತೆ ಎಲೆ ಬಂತು, ಕಡುಬೇಸಿಗೆಯಲ್ಲಿ ಹೂ ಬಂತು, ಆ ಹುಳುಗಳೇ ಕೇಸರಿ ಬಣ್ಣದ ಚಿಟ್ಟೆಗಳಾಗಿ ಅದರ ಸುತ್ತ ಸುಳಿದವು. ಊರಿನಲ್ಲಿ ಬೇರೆಲ್ಲೂ ಹೂವಿರಲಿಲ್ಲ. ಉಗುಳಿ ಹೋಗುತ್ತಿದ್ದವರು ನಿಂತು ನೋಡಿ ಹೋಗತೊಡಗಿದರು. ಎಲ್ಲಕ್ಕಿಂತ ದೊಡ್ಡ ಮಾತೆಂದರೆ ನಮ್ಮ ಮನೆ ನಿಂತಿತು. ನನ್ನ ತಂತಿ ಬಿಗಿಯಲಿಲ್ಲ, ಮೆಟ್ಟಿಲ ಕಲ್ಲು ಅಲ್ಲಾಡಲಿಲ್ಲ. ಕಿಟಕಿಗಳ ನಡುವಿನ ಸಂದಿ ಅಷ್ಟಕ್ಕೇ ಉಳಿಯಿತು. ಚಾಚಿದರೆ ಬೆರಳಿಗೆ ಬೆರಳು ತಾಕುವಷ್ಟು ದೂರ. ಚಾಚುವ ಕೈ ಮಾತ್ರ ಒಂದೇ ಇತ್ತು.

ಹೀಗಿರುವಾಗ ಗಿಡ ಹಳದಿಗೆ ತಿರುಗಿತು. ಎಲೆ ಜೋತವು, ಮೊಗ್ಗು ಉದುರಿದವು, ಬುಡದ ಹತ್ತಿರ ಕಾಂಡ ಹಣ್ಣು ಬಾಳೆಯ ಹಾಗೆ ಮೆತ್ತಗಾಯಿತು. ನಾನು ಬೆಳಿಗ್ಗೆ ಅಭ್ಯಾಸದಂತೆ ತಲೆಯೆತ್ತಿ ನೋಡಿದರೆ ಕರೆಂಟಿನ ತಂತಿಯ ಜೋಲು ಕಡಿಮೆಯಾಗಿತ್ತು. ಮನೆ ಮತ್ತೆ ಹೊರಟಿತ್ತು. ರುದ್ರಿಗೆ ಹೇಳುವುದು ಹೇಗೆಂದು ತಿಳಿಯದೆ ಹೇಳಿಬಿಟ್ಟೆ. ಅವಳು ಓಡಿ ಬಂದು ಕಿಟಕಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಬುಡದ ಮಣ್ಣಿಗೆ ಕೈಯಿಟ್ಟಳು.

‘ಒದ್ದೆ ಐತೆ’ ಎಂದಳು.

ಆ ಬಿಸಿಲಿನಲ್ಲಿ, ಆ ಬರದಲ್ಲಿ, ಒದ್ದೆ ಮಣ್ಣು! ಅವಳು ನನ್ನನ್ನು ದುರುಗುಟ್ಟಿಕೊಂಡು ನೋಡಿದಳು. ನಾನು ಎರಡೂ ಕೈ ಎತ್ತಿ ಅಲ್ಲಾಡಿಸಿದೆ. ರುದ್ರಿ ಒಂದು ಹಿಡಿ ಮಣ್ಣು ತೆಗೆದು ಮೂಗಿನ ಹತ್ತಿರ ತಂದಳು. ಆಮೇಲೆ ನನ್ನ ಮೂಗಿನ ಹತ್ತಿರ ಹಿಡಿದಳು. ಸಾಂಬ್ರಾಣಿಯ ವಾಸನೆ.

ಅವಳು ಎದ್ದು ಸೀದಾ ಹೋಗಿ ಎದುರಿನ ಕಿಟಕಿಗೆ ಅಂಗೈಯಿಂದ ದಬದಬ ಬಡಿದಳು. ‘ತಿಪ್ಪಕ್ಕಾ! ತಗಿ ಕಿಟ್ಕಿ! ತಗೀತೀಯೋ, ಹಾರೆ ತರ್ಲೋ?’

ಕಿಟಕಿ ತೆರೆಯಿತು. ತಿಪ್ಪಕ್ಕ ಕೈಯಲ್ಲಿ ಚೊಂಬು ಹಿಡಿದೇ ಇದ್ದಳು, ಬಚ್ಚಿಡಲೂ ಹೊತ್ತಾಗಿರಲಿಲ್ಲ. ಮುಖ ಸಣ್ಣದಾಗಿತ್ತು. ತುಟಿ ಒಣಗಿ ಒಡೆದಿತ್ತು. ಅವಳ ಮೂಲೆಯ ನಂದಿಬಟ್ಟಲು ಎಲೆ ಮುದುರಿಕೊಂಡು ನಿಂತಿದ್ದನ್ನು ನಾನು ಆಗ ಗಮನಿಸಿದೆ. ಅದರ ಪಾಲು, ತನ್ನ ಬಾಯಿಯ ಪಾಲು, ಎಲ್ಲ ಈ ಚೊಂಬಿನಲ್ಲಿ ನಮ್ಮ ಕಡೆಗೆ ಬಂದಿತ್ತು.

‘ನೀನೇನಾ ನೀರ್ ಹಾಕಿದ್ದು?’ ಎಂದಳು ರುದ್ರಿ.

‘ಮತ್ತೇನ್ ಮಾಡ್ಲಿ? ನೀನು ಹಾಕ್ತಿರ್ಲಿಲ್ಲ. ಕಿಟ್ಕಿ ಸಂದೀಲಿ ದಿನಾ ನೋಡ್ತಿದ್ದೆ. ನೀನು ಬರೀ ಕೈಲಿ ಬಂದು ನಿಂತ್ಕಂಡು ಹೋಗ್ತಿದ್ದೆ. ಮೊದ್ಲು ಸಿಟ್ಟಿತ್ತು, ನಿಜ. ಆಮೇಲ್ ನಿನ್ ಮನೆ ನಿಲ್ತು. ನಿಂತಿದ್ ನೋಡಿ ಜೀವಕ್ಕೆ ಹಿತ ಆತು ಕಣೆ. ಇದೇ ಅಲ್ವಾ ಹಿಡ್ಕಂಡಿರೋದು ಅಂತ, ನೀನ್ ಏಳಾಕ್ ಮುಂಚೆ ಒಂದ್ ಚೊಂಬು...’ ಅವಳು ಚೊಂಬನ್ನು ಕಟ್ಟೆಯ ಮೇಲಿಟ್ಟಳು. ‘ಸೊರಗ್ತಾ ಬಂತು. ಅದುಕ್ಕೆ ಇನ್ನೊಂದ್ ಚೊಂಬು ಜಾಸ್ತಿ ಹಾಕ್ದೆ.’

‘ಅಯ್ಯೋ ನನ್ನವ್ವ! ನೀರ್ ಹಾಕೇ ಸಾಯಿಸ್ತಿದೀಯಲ್ಲೇ ಅದನ್ನ!’

ತಿಪ್ಪಕ್ಕ ಚೊಂಬನ್ನು ನೋಡಿದಳು, ಗಿಡವನ್ನು ನೋಡಿದಳು. ಅವಳ ಇಡೀ ಜೀವಮಾನದಲ್ಲಿ ಯಾರೂ ಅವಳಿಗೆ ಅಂಥ ಮಾತು ಹೇಳಿರಲಿಲ್ಲ. ನೀರೆರೆದರೆ ಗಿಡ ಸಾಯುತ್ತದೆಂದು ನಮ್ಮೂರಿನಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಅವಳು ಕಿಟಕಿಯ ಕಟ್ಟೆಗೆ ತಲೆಯಿಟ್ಟು ಅತ್ತುಬಿಟ್ಟಳು. ರುದ್ರಿಯೂ ಅತ್ತಳು. ಅಳುತ್ತಲೇ ಬಯ್ದಳು, ಬಯ್ಯುತ್ತಲೇ ಕೈ ಚಾಚಿ ಅವಳ ಕೂದಲನ್ನು ಸವರಿದಳು. ನನಗೂ ಕಣ್ಣು ಮಂಜಾಯಿತು. ಗಿಡ ಸವರುತ್ತಿದ್ದ ಕೈಯಿಂದಲೇ ಒರೆಸಿಕೊಳ್ಳಲು ಹೋದರೆ ‘ಎಕ್ಕ ಮುಟ್ಟಿದ ಕೈ, ಕಣ್ಣಿಗ್ ಹಾಲ್ ಬಿದ್ದೀತು, ತೊಳ್ಕಳ್ರೀ!’ ಎಂದು ಇಬ್ಬರೂ ಒಟ್ಟಿಗೆ ನನ್ನನ್ನು ಗದರಿದರು. ಆಗ ನನಗೆ ಇನ್ನು ಪರವಾಗಿಲ್ಲ ಎನ್ನಿಸಿತು.

ಗಿಡಕ್ಕೆ ಮಾತ್ರ ಪರವಾಗಿರಲಿಲ್ಲ. ರುದ್ರಿ ಒದ್ದೆ ಮಣ್ಣನ್ನೆಲ್ಲ ಎತ್ತಿ ಹಾಕಿ, ಬುಡಕ್ಕೆ ಒಣ ಮರಳೂ ಗರಸೂ ತುಂಬಿ, ಕೊಳೆತ ಕಾಂಡವನ್ನು ನೆಲಮಟ್ಟಕ್ಕೆ ಕತ್ತರಿಸಿದಳು. ಕೊಯ್ದ ಜಾಗದಲ್ಲಿ ಬೆಳ್ಳಗೆ ಹಾಲು ಒಸರಿತು. ‘ಒಳಗೆ ಜೀವ ಐತೆ’ ಎಂದಳು. ಉಳಿದದ್ದು ಮೋಟು. ಅದರ ಬೇರು ಕೆಳಗೆ ಹಿಡಿದಿದೆಯೋ ಬಿಟ್ಟಿದೆಯೋ ಮೇಲಿನವರಿಗೆ ಗೊತ್ತಾಗುವಂತಿರಲಿಲ್ಲ. ಇನ್ನು ಮಾಡುವುದೇನೂ ಇರಲಿಲ್ಲ. ತಿಪ್ಪಕ್ಕನಿಗೆ ಅದೇ ಕಷ್ಟ. ಅವಳು ಬೆಳಿಗ್ಗೆ ಚೊಂಬು ತುಂಬಿಕೊಂಡು ಕಿಟಕಿಗೆ ಬರುವಳು, ಮೋಟನ್ನು ನೋಡುವಳು, ಕೈ ತಾನಾಗಿ ಮುಂದೆ ಹೋಗುವುದು. ‘ಅಕ್ಕಾ!’ ಎಂದು ಈ ಕಡೆಯಿಂದ ರುದ್ರಿ ಕೂಗುವಳು. ಕೈ ಹಿಂದೆ ಹೋಗುವುದು. ‘ಸತ್ರೆ ನೀನೇ ಹೊಣೆ ಕಣೆ’ ಎಂದು ತಿಪ್ಪಕ್ಕ ಮುಖ ಊದಿಸಿಕೊಂಡು ಆ ನೀರನ್ನು ತನ್ನ ನಂದಿಬಟ್ಟಲಿಗೆ ಹಾಕುವಳು. ನಾನು ತಂತಿ ನೋಡುವೆನು. ತಂತಿ ಇನ್ನಷ್ಟು ಬಿಗಿದಿತ್ತು. ಹರಿದೀತೆಂದು ಕಂಬ ಹತ್ತಿ ಒಂದಿಷ್ಟು ತಂತಿ ಜೋಡಿಸಿದೆ. ಆದರೆ ಕಿಟಕಿಗಳ ನಡುವೆ ಜೋಡಿಸಲು ನನ್ನ ಹತ್ತಿರ ಏನೂ ಇರಲಿಲ್ಲ.

ಮೋಟಿನ ಪಕ್ಕದಲ್ಲಿ ಬೂದು ಹಸಿರಿನ ಒಂದು ಚಿಗುರು ಮೂಡಿದ್ದನ್ನು ಮೊದಲು ಕಂಡದ್ದು ತಿಪ್ಪಕ್ಕನೇ. ದಿನವಿಡೀ ಅದನ್ನೇ ಕಾಯುತ್ತಿದ್ದವಳಿಗಲ್ಲದೆ ಇನ್ಯಾರಿಗೆ ಕಾಣಬೇಕು. ಅವಳ ಕೂಗಿಗೆ ಬೀದಿಯೇ ಬಂದು ನೆರೆಯಿತು. ಇಲಿಯ ಕಿವಿಯಷ್ಟು ಎರಡು ಎಲೆ, ಮೈಮೇಲೆ ಬೂದಿಯಂಥ ನವಿರು. ನಾನು ಗಿಡ ನೋಡದೆ ತಲೆಯೆತ್ತಿ ತಂತಿ ನೋಡಿದೆ. ಹಿಂದಿನ ದಿನ ಇದ್ದ ಹಾಗೇ ತೂಗುತ್ತಿತ್ತು. ಮಾರನೆಯ ದಿನವೂ ಹಾಗೇ ಇತ್ತು.

ರುದ್ರಿ ಆವತ್ತು ಹುರುಳಿ ಸಾರು ಮಾಡಿ ಬಟ್ಟಲು ತುಂಬಿಸಿ ಕಿಟಕಿಯಲ್ಲಿ ನಿಂತಳು. ಎದುರಿನ ಕಿಟಕಿ ತೆರೆದೇ ಇತ್ತು. ಮನೆ ನಿಂತಿತ್ತು, ಆದರೆ ಮೊದಲಿನ ಜಾಗಕ್ಕೆ ವಾಪಸು ಬಂದಿರಲಿಲ್ಲ. ಹೋದ ಮನೆ ಹಿಂದೆ ಬರುವುದು ನಮ್ಮೂರಿನಲ್ಲಿ ಇಲ್ಲ. ರುದ್ರಿ ಚಾಚಿದಳು, ತಿಪ್ಪಕ್ಕ ಚಾಚಿದಳು, ಎಷ್ಟು ಚಾಚಿದರೂ ನಡುವೆ ಗಾಳಿ ಉಳಿಯಿತು. ನಾನು ಹೋಗಿ ಕಂಬದ ಕೆಲಸಕ್ಕೆ ಇಟ್ಟುಕೊಂಡಿದ್ದ ಹಲಗೆ ತಂದು ಎರಡು ಕಿಟಕಿಯ ಕಟ್ಟೆಗಳ ಮೇಲೆ ಅಡ್ಡ ಹಾಕಿದೆ. ಎಕ್ಕದ ನೆತ್ತಿಯ ಮೇಲೆ ಒಂದು ಸೇತುವೆಯಾಯಿತು. ಬಟ್ಟಲು ಹಲಗೆಯ ಮೇಲೆ ಮೆಲ್ಲಗೆ ಜಾರಿಕೊಂಡು ಆ ಕಡೆ ಸೇರಿತು. ತಿಪ್ಪಕ್ಕ ಒಂದು ಗುಟುಕು ಕುಡಿದು ‘ಉಪ್ಪು ಕಮ್ಮಿ’ ಎಂದಳು. ರುದ್ರಿ ನಕ್ಕ ನಗು ನಾನು ಆ ವರ್ಷದಲ್ಲಿ ಕೇಳಿದ ಮೊದಲ ನಗು.

ಈಗ ನಮ್ಮ ಬೀದಿಯಲ್ಲಿ ಅನೇಕ ಮನೆಗಳ ಮೂಲೆಯಲ್ಲಿ ಎಕ್ಕವಿದೆ, ತಿಪ್ಪಕ್ಕನ ನಂದಿಬಟ್ಟಲಿನ ಪಕ್ಕದಲ್ಲೂ ಒಂದಿದೆ. ಹೆಂಗಸರು ಜಗಳವಾಡುವಾಗ ಬಯ್ಯಲು ಬೇರೆ ಮಾತು ಹುಡುಕಬೇಕಾಗಿದೆ. ಮಳೆಯೂ ಒಂದಿಷ್ಟು ಬಂತು. ಹಳೇ ಅಭ್ಯಾಸ ಮಾತ್ರ ಹೋಗಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ತಿಪ್ಪಕ್ಕ ಚೊಂಬು ತುಂಬಿಕೊಂಡು ಕಿಟಕಿಗೆ ಬರುತ್ತಾಳೆ. ನಮ್ಮ ಎಕ್ಕದ ಕಡೆಗೆ ಚೊಂಬು ಹಿಡಿದು ತೋರಿಸುತ್ತಾಳೆ. ‘ನೋಡ್ಕಂಡ್ಯಾ? ನಿನ್ ಪಾಲಿನ್ದು’ ಎನ್ನುತ್ತಾಳೆ. ಆಮೇಲೆ ಅದರ ಕಣ್ಣೆದುರಿಗೇ, ಒಂದು ಹನಿಯೂ ಕೆಳಗೆ ಬೀಳದ ಹಾಗೆ, ಎತ್ತಿ ತಾನೇ ಕುಡಿಯುತ್ತಾಳೆ.